ವಿಂಡೋಸ್ 10 ಇದ್ದ ಯಂತ್ರಕ್ಕೆ ಲಿನಕ್ಸ್ ಮಿಂಟ್: ಮನೆಗೆಲಸಕ್ಕೂ ಆಟಕ್ಕೂ ಹೊಂದಿಸುವ ಬಗೆ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಕೇಳುತ್ತದೆ. ಹೀಗಾಗಿ 6ನೇ, 7ನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1050 ಕಾರ್ಡ್ ಇರುವ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳು ನಡುನೀರಿನಲ್ಲಿ ನಿಂತಿವೆ. ಇವಕ್ಕೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಚೆನ್ನಾಗಿ ಒಗ್ಗುತ್ತದೆ. ಆದರೆ ಇನ್‌ಸ್ಟಾಲ್ ಮಾಡುವ ಅರ್ಧ ಗಂಟೆಗಿಂತ ಅದಕ್ಕೆ ಮುಂಚಿನ ಪರಿಶೀಲನೆಯೇ ಹೆಚ್ಚು ಮುಖ್ಯ. ಲಿನಕ್ಸ್ ಹಾಕಿ ವಾರದೊಳಗೆ ವಿಂಡೋಸ್‌ಗೆ ಮರಳುವವರು ಬಹುಪಾಲು ಈ ಪರಿಶೀಲನೆಯನ್ನು ಬಿಟ್ಟವರೇ.

ಇಲ್ಲಿ ಹೇಳಿರುವುದು ಲಿನಕ್ಸ್ ಮಿಂಟ್ 22ರ ಸರಣಿಯನ್ನು ಇಟ್ಟುಕೊಂಡು. ಅದರ ತಳಪಾಯ ಉಬುಂಟು 24.04, ಬೆಂಬಲ 2029ರವರೆಗೆ ಇದೆ. ಮೆನು ಮತ್ತು ಆದೇಶಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಮಾಡಿ.

ಮೊದಲು ಪಟ್ಟಿ ಮಾಡಿ

ಒಂದು ಹಾಳೆ ತೆಗೆದುಕೊಂಡು ನೀವು ಆಡುವ ಆಟಗಳು, ಬಳಸುವ ಸಾಫ್ಟ್‌ವೇರ್, ಮನೆಯಲ್ಲಿರುವ ಪ್ರಿಂಟರ್, ಇಷ್ಟನ್ನೂ ಬರೆಯಿರಿ. ಪ್ರತಿಯೊಂದರ ಮುಂದೆ ನಡೆಯುತ್ತದೆ, ನಡೆಯುವುದಿಲ್ಲ ಎಂದು ಗುರುತು ಹಾಕಬೇಕು.

ಆಟಗಳಲ್ಲಿ ತೊಡಕಾಗುವುದು ಗ್ರಾಫಿಕ್ಸ್ ಅಲ್ಲ, ಮೋಸ ತಡೆಯುವ ಆಂಟಿ-ಚೀಟ್ ಸಾಫ್ಟ್‌ವೇರ್. ವ್ಯಾಲೊರಂಟ್ ನಡೆಯುವುದಿಲ್ಲ. ಅದರ ಆಂಟಿ-ಚೀಟ್ ವ್ಯಾಂಗಾರ್ಡ್ ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲೇ ಕೂರುವ ಡ್ರೈವರ್. ಲಿನಕ್ಸ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಲೀಗ್ ಆಫ್ ಲೆಜೆಂಡ್ಸ್ ಮೊದಲು ನಡೆಯುತ್ತಿತ್ತು, 2024ರಲ್ಲಿ ಅದಕ್ಕೂ ವ್ಯಾಂಗಾರ್ಡ್ ಬಂದ ಮೇಲೆ ನಿಂತಿತು. ಫೋರ್ಟ್‌ನೈಟ್, ಪಬ್‌ಜಿ, ರೇನ್‌ಬೋ ಸಿಕ್ಸ್ ಸೀಜ್, ಡೆಸ್ಟಿನಿ 2, ಕಾಲ್ ಆಫ್ ಡ್ಯೂಟಿಯ ಈಚಿನ ಆನ್‌ಲೈನ್ ಆಟಗಳು ಕೂಡ ಇಲ್ಲ. ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸ್ ಆಟಗಾರರಿಗೆ ಬಾಗಿಲು ಹಾಕಿತು. ಜಿಟಿಎ 5ರ ಕಥೆಯ ಭಾಗ ಸಲೀಸಾಗಿ ನಡೆಯುತ್ತದೆ, ಆನ್‌ಲೈನ್ ಭಾಗ 2024ರ ಸೆಪ್ಟೆಂಬರ್‌ನಿಂದ ಇಲ್ಲ. ಇವುಗಳಿಗೆ ವರ್ಚುವಲ್ ಮೆಷೀನ್‌ನಂಥ ಒಳದಾರಿ ಹುಡುಕಬೇಡಿ. ಖಾತೆಯೇ ನಿಷೇಧಕ್ಕೆ ಒಳಗಾಗುವ ಅಪಾಯವಿದೆ.

ನಡೆಯುವ ಪಟ್ಟಿ ಇದಕ್ಕಿಂತ ಬಹಳ ಉದ್ದ. ಕೌಂಟರ್-ಸ್ಟ್ರೈಕ್ 2 ಮತ್ತು ಡೋಟಾ 2 ಲಿನಕ್ಸ್‌ಗೆಂದೇ ಬಂದಿವೆ. ಎಲ್ಡನ್ ರಿಂಗ್, ಬಾಲ್ಡರ್ಸ್ ಗೇಟ್ 3, ಸೈಬರ್‌ಪಂಕ್ 2077, ವಿಚರ್ 3 ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಮೂಲಕ ನಡೆಯುತ್ತವೆ. ನಿಮ್ಮ ಪಟ್ಟಿಯ ಪ್ರತಿ ಆಟವನ್ನೂ ಪ್ರೋಟಾನ್‌ಡಿಬಿ ತಾಣದಲ್ಲಿ ಹುಡುಕಿ. ಅಲ್ಲಿ ಪ್ಲಾಟಿನಂ ಇಲ್ಲವೆ ಗೋಲ್ಡ್ ಎಂದಿದ್ದರೆ ನಿಶ್ಚಿಂತೆ. ಸಿಲ್ವರ್ ಎಂದಿದ್ದರೆ ಒಂದಿಷ್ಟು ತಿದ್ದುವ ಕೆಲಸ ಇರುತ್ತದೆ. ಬರೀ ಪದಕ ನೋಡಿ ಬಿಡಬೇಡಿ. ಕಳೆದ ಮೂರು ತಿಂಗಳ ವರದಿಗಳನ್ನು, ಅದರಲ್ಲೂ ನಿಮ್ಮದೇ ಬಗೆಯ ಗ್ರಾಫಿಕ್ಸ್ ಕಾರ್ಡ್ ಇರುವವರದನ್ನು ಓದಿ. ಆಂಟಿ-ಚೀಟ್ ವಿಷಯಕ್ಕೆಂದೇ 'ಆರ್ ವಿ ಆಂಟಿ-ಚೀಟ್ ಯೆಟ್' ಎಂಬ ಬೇರೆ ತಾಣವಿದೆ.

ಕಚೇರಿ ಕೆಲಸದ ಪಟ್ಟಿಯಲ್ಲಿ ಟ್ಯಾಲಿ ಪ್ರೈಮ್ ಇದ್ದರೆ ವಿಂಡೋಸ್ ಉಳಿಸಿಕೊಳ್ಳಿ. ಫೋಟೋಶಾಪ್, ಪ್ರೀಮಿಯರ್, ಮೈಕ್ರೋಸಾಫ್ಟ್ ಆಫೀಸ್‌ನ ಡೆಸ್ಕ್‌ಟಾಪ್ ಆವೃತ್ತಿ, ಆಟೋಕ್ಯಾಡ್‌ಗೂ ಇದೇ ಮಾತು. ಜಿಎಸ್‌ಟಿ, ಆದಾಯ ತೆರಿಗೆ ಕೆಲಸಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು, ಆ ಟೋಕನ್‌ಗೆ ಮತ್ತು ಸಹಿ ಮಾಡುವ ಸಾಫ್ಟ್‌ವೇರ್‌ಗೆ ಲಿನಕ್ಸ್ ಆವೃತ್ತಿ ಇದೆಯೇ ಎಂದು ಕೊಟ್ಟವರನ್ನು ಕೇಳಿಯೇ ಮುಂದುವರಿಯಿರಿ. ರಿಟರ್ನ್ ಸಲ್ಲಿಸುವ ಕೊನೆಯ ದಿನ ಟೋಕನ್ ಕಾಣಿಸದೆ ಪರದಾಡುವಂತೆ ಆಗಬಾರದು.

ಪ್ರಿಂಟರ್ ವಿಷಯಕ್ಕೆ ಬಂದರೆ, ವೈಫೈ ಇರುವ ಈಚಿನ ಪ್ರಿಂಟರ್‌ಗಳು ಬಹುಮಟ್ಟಿಗೆ ಡ್ರೈವರ್ ಕೇಳುವುದಿಲ್ಲ. ನಮ್ಮ ಅಂಗಡಿ, ಕಚೇರಿಗಳಲ್ಲಿ ಹೇರಳವಾಗಿರುವ ಎರಡು ಹಳೆಯ ಲೇಸರ್ ಪ್ರಿಂಟರ್‌ಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಎಚ್‌ಪಿ ಲೇಸರ್‌ಜೆಟ್ 1020 ತನ್ನ ಫರ್ಮ್‌ವೇರನ್ನು ಒಳಗೆ ಇಟ್ಟುಕೊಂಡಿರುವುದಿಲ್ಲ; ಆನ್ ಮಾಡಿದಾಗಲೆಲ್ಲ ಕಂಪ್ಯೂಟರೇ ಅದನ್ನು ಕಳಿಸಬೇಕು. ಅದಕ್ಕಾಗಿ ಎಚ್‌ಪಿಯ ಲಿನಕ್ಸ್ ಡ್ರೈವರ್ ಆದ ಎಚ್‌ಪಿಲಿಪ್ ಜೊತೆಗೆ ಎಚ್‌ಪಿಯ ಪ್ಲಗಿನ್ ಹಾಕಬೇಕು. ಎಚ್‌ಪಿಲಿಪ್‌ನ ಆವೃತ್ತಿ ಬದಲಾದರೆ ಪ್ಲಗಿನ್ನನ್ನೂ ಮತ್ತೆ ಹಾಕಬೇಕು, ಇಲ್ಲದಿದ್ದರೆ ದೀಪ ಉರಿಯುತ್ತದೆ, ಕಾಗದ ಮಾತ್ರ ಬರುವುದಿಲ್ಲ. ಕ್ಯಾನನ್ ಎಲ್‌ಬಿಪಿ 2900 ಇದಕ್ಕಿಂತ ಕಷ್ಟ. ಅದು ಕ್ಯಾನನ್‌ನದೇ ಆದ ಕ್ಯಾಪ್ಟ್ ಭಾಷೆಯಲ್ಲಿ ಮಾತಾಡುತ್ತದೆ. ಲಿನಕ್ಸ್ ಡ್ರೈವರ್ ಹಾಕಿ ಮುದ್ರಿಸಿದವರಿದ್ದಾರೆ, ಆದರೆ ಹೊಸಬರಿಗೆ ಅದನ್ನು ಹೇಳುವಂತಿಲ್ಲ.

ಡಿಸ್ಕ್: ಬೇರೆಯದು ಇದ್ದರೆ ಒಳ್ಳೆಯದು

ಒಂದೇ ಡಿಸ್ಕ್‌ನಲ್ಲಿ ವಿಂಡೋಸ್ ಪಕ್ಕಕ್ಕೆ ಲಿನಕ್ಸ್ ಹಾಕಬಹುದು. ಆದರೂ ನಮ್ಮ ಸಲಹೆ, ಲಿನಕ್ಸ್‌ಗೆಂದು ಬೇರೆಯದೇ ಒಂದು ಎಸ್‌ಎಸ್‌ಡಿ ತನ್ನಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗ ಬೂಟ್ ಆಗುವ ಕ್ರಮ ಬದಲಾಗುವ ತೊಂದರೆ ಬಹಳ ಕಡಿಮೆಯಾಗುತ್ತದೆ, ಬೇಡವೆಂದರೆ ಡಿಸ್ಕ್ ಬಿಚ್ಚಿ ತೆಗೆದರೆ ಮುಗಿಯಿತು. ಬರೀ ಬ್ರೌಸರ್ ಮತ್ತು ಕಚೇರಿ ಕೆಲಸಕ್ಕೆ 100 ಜಿಬಿ ಸಾಕು. ಆಟಕ್ಕೆ ಸಾಲದು: ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಕೇಳುತ್ತದೆ, ರೆಡ್ ಡೆಡ್ ರಿಡೆಂಪ್ಶನ್ 2 ಕೂಡ ಅಷ್ಟೇ, ಸೈಬರ್‌ಪಂಕ್ 70 ಜಿಬಿ. 500 ಜಿಬಿಗಿಂತ ಕಡಿಮೆಯದನ್ನು ತರಬೇಡಿ.

ರ‍್ಯಾಮ್ 8 ಜಿಬಿ ಇದ್ದರೆ ಮಿಂಟ್‌ನ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ. ನಿಮ್ಮ ಯಂತ್ರ ಮಾರುಕಟ್ಟೆಗೆ ಬಂದು ವರ್ಷವೂ ಆಗಿಲ್ಲವೆಂದರೆ, ಅಥವಾ ಬೇರೆ ಬೇರೆ ರಿಫ್ರೆಶ್ ದರದ ಎರಡು ಮಾನಿಟರ್, ಎಚ್‌ಡಿಆರ್ ಬೇಕೆಂದರೆ ಮಿಂಟ್ ಬದಲು ಫೆಡೋರಾದ ಕೆಡಿಇ ಆವೃತ್ತಿ ನೋಡಿ. ಹೊಸ ಕರ್ನಲ್, ಪರದೆಗೆ ಚಿತ್ರ ಮೂಡಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಎರಡೂ ಅಲ್ಲಿ ಮೊದಲು ಬರುತ್ತವೆ. ಆಟಕ್ಕೆ ಮಾತ್ರ ಮೀಸಲಾದ ಯಂತ್ರವಾದರೆ ಫೆಡೋರಾದ ಮೇಲೆಯೇ ಕಟ್ಟಿರುವ ಬಝೈಟ್ ಇದೆ, ಸ್ಟೀಮ್ ಒಳಗೇ ಇರುತ್ತದೆ. ಮನೆಮಂದಿಯೆಲ್ಲ ಬಳಸುವ ಹಳೆಯ ಯಂತ್ರಕ್ಕೆ ಮಾತ್ರ ಮಿಂಟೇ ಸರಿ.

ವಿಂಡೋಸ್‌ನಲ್ಲಿ ಮಾಡಬೇಕಾದ ಸಿದ್ಧತೆ

1. ಫೋಟೋ, ದಾಖಲೆಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ. ಇದಕ್ಕೆ ವಿನಾಯಿತಿ ಇಲ್ಲ.

2. ಬಿಟ್‌ಲಾಕರ್ ಅಥವಾ 'ಡಿವೈಸ್ ಎನ್‌ಕ್ರಿಪ್ಷನ್' ಚಾಲೂ ಇದೆಯೇ ನೋಡಿ. ಲ್ಯಾಪ್‌ಟಾಪ್‌ಗಳಲ್ಲಿ ಅದು ಕೇಳದೆಯೇ ಚಾಲೂ ಆಗಿರುವುದುಂಟು. ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುವ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ್ದನ್ನು ಏಳಲು ಬಿಡದ ಕಾವಲು) ಮುಟ್ಟಿದರೆ ವಿಂಡೋಸ್ ಅದನ್ನು ಕೇಳುತ್ತದೆ, ಕೀ ಇಲ್ಲದಿದ್ದರೆ ಡಿಸ್ಕ್‌ನ ಮಾಹಿತಿ ಹೋದಂತೆಯೇ.

3. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ 'ಫಾಸ್ಟ್ ಸ್ಟಾರ್ಟ್‌ಅಪ್' ತೆಗೆಯಿರಿ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್ ಆ ಡಿಸ್ಕನ್ನು ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ.

4. ಒಂದೇ ಡಿಸ್ಕ್‌ ಆದರೆ ವಿಂಡೋಸ್‌ನ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆದು ಸಿ ಡ್ರೈವ್‌ ಮೇಲೆ ಬಲ ಕ್ಲಿಕ್, 'ಶ್ರಿಂಕ್ ವಾಲ್ಯೂಮ್'. ಖಾಲಿ ಜಾಗ 200 ಜಿಬಿ ಇದ್ದರೂ 20 ಜಿಬಿ ಮಾತ್ರ ಬಿಡುತ್ತೇನೆ ಎಂದರೆ, ಸರಿಸಲಾಗದ ಫೈಲುಗಳು ನಡುವೆ ಕುಳಿತಿವೆ ಎಂದರ್ಥ. ಹೈಬರ್ನೇಶನ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್ ಮೂರನ್ನೂ ಸದ್ಯಕ್ಕೆ ನಿಲ್ಲಿಸಿ, ಮರುಚಾಲನೆ ಮಾಡಿ ಮತ್ತೆ ಪ್ರಯತ್ನಿಸಿ. ಸಿಕ್ಕ ಖಾಲಿ ಜಾಗವನ್ನು ಹಾಗೇ ಬಿಡಿ, ಫಾರ್ಮ್ಯಾಟ್ ಮಾಡಬೇಡಿ.

5. ಮಿಂಟ್ ತಾಣದಿಂದ ಐಎಸ್ಒ, ಅಂದರೆ ಇನ್‌ಸ್ಟಾಲ್ ಫೈಲು, ಇಳಿಸಿಕೊಳ್ಳಿ. ಸುಮಾರು 3 ಜಿಬಿ. 8 ಜಿಬಿಯ ಪೆನ್‌ಡ್ರೈವ್ ಸಾಕು. ರೂಫಸ್ ಇಲ್ಲವೆ ಬಲೇನಾ ಎಚರ್‌ನಿಂದ ಬರೆಯಿರಿ. ರೂಫಸ್‌ನಲ್ಲಿ ಜಿಪಿಟಿ ಮತ್ತು ಯುಇಎಫ್ಐ ಆಯ್ಕೆ ಮಾಡಿ. ಬರೆಯುವ ಮುಂಚೆ ಐಎಸ್ಒ ಮೇಲೆ 7-ಝಿಪ್‌ನಿಂದ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದು ತಾಣದಲ್ಲಿರುವುದರ ಜೊತೆ ಹೋಲಿಸಿ. ಮೊಬೈಲ್ ಡೇಟಾದಲ್ಲಿ ಇಳಿಸಿದ ಫೈಲು ಅರ್ಧಕ್ಕೇ ತುಂಡಾಗಿರುವುದು ಅಪರೂಪವಲ್ಲ, ಆ ದೋಷ ಇನ್‌ಸ್ಟಾಲ್ ನಡುವೆ ಎಲ್ಲೋ ತಲೆ ಎತ್ತುತ್ತದೆ.

ಪೆನ್‌ಡ್ರೈವ್‌ನಿಂದ ಏಳಿಸುವುದು

ಯಂತ್ರ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀ ಒತ್ತುತ್ತಿರಿ: ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್, ಏಸಸ್ ಮದರ್‌ಬೋರ್ಡ್‌ನಲ್ಲಿ ಎಫ್8, ಎಂಎಸ್ಐನಲ್ಲಿ ಎಫ್11. ಏಸರ್‌ನಲ್ಲೂ ಎಫ್12, ಆದರೆ ಮೊದಲು ಬಯಾಸ್‌ನಲ್ಲಿ ಆ ಮೆನುವನ್ನು ಚಾಲೂ ಮಾಡಬೇಕಾಗಬಹುದು.

ಮಿಂಟ್ ಡೆಸ್ಕ್‌ಟಾಪ್ ಬರುತ್ತದೆ. ಇನ್ನೂ ಏನನ್ನೂ ಇನ್‌ಸ್ಟಾಲ್ ಮಾಡಿಲ್ಲ, ಪೆನ್‌ಡ್ರೈವ್‌ನಿಂದಲೇ ಓಡುತ್ತಿದೆ. ಇಲ್ಲಿ ಹತ್ತು ನಿಮಿಷ ಕಳೆಯಿರಿ. ವೈಫೈ ಸಿಗುತ್ತಿದೆಯೇ, ಸದ್ದು ಬರುತ್ತಿದೆಯೇ, ಟಚ್‌ಪ್ಯಾಡ್, ಬ್ಲೂಟೂತ್, ಕ್ಯಾಮೆರಾ ಸರಿಯಿವೆಯೇ, ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಏಳುತ್ತದೆಯೇ ನೋಡಿ. ಕೆಲವು ಹಳೆಯ ಬ್ರಾಡ್‌ಕಾಮ್ ವೈಫೈ ಚಿಪ್‌ಗಳಿಗೆ ಆಮೇಲೆ ಡ್ರೈವರ್ ಹಾಕಬೇಕು. ಅಲ್ಲಿಯವರೆಗೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇಂಟರ್ನೆಟ್ ಸಿಗುತ್ತದೆ.

ಎನ್‌ವಿಡಿಯಾ ಕಾರ್ಡ್ ಇರುವಲ್ಲಿ ಕೆಲವೊಮ್ಮೆ ಪರದೆ ಕಪ್ಪಾಗಿಯೇ ನಿಲ್ಲುತ್ತದೆ. ಮತ್ತೆ ಆನ್ ಮಾಡಿ, ಮೊದಲ ಮೆನುವಿನಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ. ಇನ್‌ಸ್ಟಾಲ್ ಆದ ಮೇಲೆ ಮೊದಲ ಸಲ ಏಳುವಾಗಲೂ ಹೀಗಾದರೆ, ಯಾವ ಸಿಸ್ಟಮ್ ಏಳಬೇಕೆಂದು ಕೇಳುವ ಗ್ರಬ್ ಮೆನುವಿನಲ್ಲಿ ಇ ಕೀ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂಬ ಪದ ಸೇರಿಸಿ ಎಫ್10 ಒತ್ತಿ. ಅದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋಗಿ ಸರಿಯಾದ ಡ್ರೈವರ್ ಹಾಕಿಕೊಳ್ಳುವುದಕ್ಕೆ ಇರುವ ಕಿಂಡಿ.

ಇನ್‌ಸ್ಟಾಲ್

'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ತೆರೆಯಿರಿ. 'ಮಲ್ಟಿಮೀಡಿಯಾ ಕೋಡೆಕ್ಸ್' ಎಂಬಲ್ಲಿ ಟಿಕ್ ಹಾಕಿ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಅಲ್ಲೇ ಒಂದು ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಒಂದೇ ಒಂದು ಕಡೆ ಬೇಕಾಗುತ್ತದೆ.

ಡಿಸ್ಕ್ ಆರಿಸುವ ಪುಟದಲ್ಲಿ ನಿಧಾನಿಸಿ. ಒಂದೇ ಡಿಸ್ಕ್ ಇದ್ದು ಮೊದಲೇ ಜಾಗ ಬಿಡಿಸಿದ್ದರೆ 'ಇನ್‌ಸ್ಟಾಲ್ ಅಲಾಂಗ್‌ಸೈಡ್ ವಿಂಡೋಸ್' ಸಾಕು. ಬೂಟ್ ಫೈಲುಗಳಿರುವ ವಿಂಡೋಸ್‌ನ ಇಎಫ್ಐ ಪಾರ್ಟಿಶನ್ನನ್ನು ಅದೇ ಬಳಸಿಕೊಳ್ಳುತ್ತದೆ. ನೀವೇ ಕೈಯಿಂದ ಹಂಚುವುದಾದರೆ ಆ ಪಾರ್ಟಿಶನ್ನನ್ನು ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಮಾಡಿದರೆ ವಿಂಡೋಸ್ ಏಳುವುದಿಲ್ಲ.

ಬೇರೆ ಡಿಸ್ಕ್ ಇರುವವರು ಗಮನಿಸಲೇಬೇಕಾದ ಒಂದು ಸಂಗತಿಯಿದೆ. ಬೂಟ್‌ಲೋಡರ್ ಹೊಸ ಡಿಸ್ಕ್‌ಗೆ ಹೋಗಲಿ ಎಂದು ನೀವು ಆರಿಸಿದರೂ ಈ ಇನ್‌ಸ್ಟಾಲರ್ ಅದನ್ನು ಮೊದಲ ಡಿಸ್ಕ್‌ನ ಇಎಫ್ಐ ಪಾರ್ಟಿಶನ್‌ಗೇ ಬರೆದುಬಿಡುತ್ತದೆ. ಆಮೇಲೆ ವಿಂಡೋಸ್ ಡಿಸ್ಕ್ ತೆಗೆದರೆ ಲಿನಕ್ಸ್ ಕೂಡ ಏಳುವುದಿಲ್ಲ. ತಪ್ಪಿಸುವ ದಾರಿ ಸುಲಭ: ಇನ್‌ಸ್ಟಾಲ್ ಮುಗಿಯುವವರೆಗೆ ವಿಂಡೋಸ್ ಡಿಸ್ಕ್‌ನ ಕೇಬಲ್ ಬಿಚ್ಚಿಡಿ, ಅಥವಾ ಬಯಾಸ್‌ನಲ್ಲಿ ಆ ಪೋರ್ಟನ್ನು ನಿಲ್ಲಿಸಿ. ಆಗ 'ಇರೇಸ್ ಡಿಸ್ಕ್' ಒತ್ತುವುದಕ್ಕೂ ಹೆದರಬೇಕಿಲ್ಲ, ಅಳಿಸಲು ಬೇರೇನೂ ಇರುವುದಿಲ್ಲ.

ಡಿಸ್ಕೇ ಕಾಣಿಸದಿದ್ದರೆ ಬಯಾಸ್‌ನಲ್ಲಿ ಸ್ಟೋರೇಜ್ 'ರೇಡ್' ಇಲ್ಲವೆ 'ಇಂಟೆಲ್ ಆರ್‌ಎಸ್‌ಟಿ' ಎಂದಿರುತ್ತದೆ, ಎಎಚ್‌ಸಿಐಗೆ ಬದಲಿಸಬೇಕು. ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಮೊದಲು ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಹೊಂದಿಸಿ, ಆಮೇಲೆ ಬಯಾಸ್‌ನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡ್‌ಗೆ ಹೋಗಿ ಬಂದರೆ ತಾನೇ ಹೊಂದಿಕೊಳ್ಳುತ್ತದೆ.

ಸಿಸ್ಟಮ್‌ಗೆ ರೂಟ್, ನಿಮ್ಮ ಫೈಲುಗಳಿಗೆ ಹೋಮ್ ಎಂದು ಬೇರೆ ಬೇರೆ ಪಾರ್ಟಿಶನ್ ಮಾಡುವ ಹಳೆಯ ಸಲಹೆ ಎಲ್ಲೆಡೆ ಸಿಗುತ್ತದೆ. ಹೊಸಬರಿಗೆ ಅದು ಬೇಡ. ರೂಟ್‌ಗೆ 30 ಜಿಬಿ ಕೊಟ್ಟು ಆರು ತಿಂಗಳಲ್ಲಿ ತುಂಬಿಸಿಕೊಳ್ಳುವುದಕ್ಕಿಂತ ಇಡೀ ಡಿಸ್ಕ್ ಒಂದೇ ಎಕ್ಸ್‌ಟಿ4 (ಲಿನಕ್ಸ್‌ನ ಡಿಸ್ಕ್ ಫಾರ್ಮ್ಯಾಟ್) ಪಾರ್ಟಿಶನ್ ಆಗಿರುವುದು ಮೇಲು.

ಮೊದಲ ದಿನದ ನಾಲ್ಕು ಕೆಲಸ

ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲವನ್ನೂ ಹಾಕಿ. ಮುಂಚೆ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಟೈಮ್‌ಶಿಫ್ಟ್ ಉಳಿಸುವುದು ಸಿಸ್ಟಮ್ ಫೈಲುಗಳನ್ನು; ನಿಮ್ಮ ಫೋಟೋ, ದಾಖಲೆಗಳಿಗೆ ಬೇರೆ ಬ್ಯಾಕಪ್ ಬೇಕು. ಸ್ನ್ಯಾಪ್‌ಶಾಟ್‌ಗಳ ಸಂಖ್ಯೆಯನ್ನು ದಿನಕ್ಕೊಂದರಂತೆ 3ಕ್ಕೆ ಮಿತಿಗೊಳಿಸಿ.

ಎರಡನೆಯದು ಗಡಿಯಾರ. ಎರಡೂ ಸಿಸ್ಟಮ್ ಇರುವ ಯಂತ್ರದಲ್ಲಿ ವಿಂಡೋಸ್‌ಗೆ ಹೋದಾಗ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದಿರುತ್ತದೆ. ಲಿನಕ್ಸ್ ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಯುಟಿಸಿ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತೀಯ ಸಮಯ ಎಂದು ಓದುತ್ತದೆ. ಬ್ಯಾಟರಿ ಹೋಗಿದೆ ಎಂದು ಬದಲಿಸಲು ಹೋಗಬೇಡಿ. ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ (ಕೊನೆಯ ಮೂರಕ್ಷರ ಸಿ, ಟಿ, ಎಲ್), ಖಾಲಿ ಜಾಗ, ಸೆಟ್-ಲೋಕಲ್-ಆರ್‌ಟಿಸಿ, ಖಾಲಿ ಜಾಗ, 1 ಎಂದು ಬರೆದರೆ ಮುಗಿಯಿತು.

ಮೂರನೆಯದು ಗ್ರಾಫಿಕ್ಸ್ ಡ್ರೈವರ್, ಇದಕ್ಕೆ ಕೊಂಚ ವಿವರ ಬೇಕು. ಎಎಂಡಿ ಮತ್ತು ಇಂಟೆಲ್‌ಗೆ ನೀವು ಏನೂ ಮಾಡಬೇಕಿಲ್ಲ. ಡ್ರೈವರ್ ಕರ್ನಲ್‌ನಲ್ಲೂ ಮಿಂಟ್ ಜೊತೆಗೇ ಬರುವ ಮೆಸಾ ಎಂಬ ಗ್ರಾಫಿಕ್ಸ್ ಸಾಫ್ಟ್‌ವೇರ್‌ನಲ್ಲೂ ಇದೆ. ಎಎಂಡಿ ತಾಣದಿಂದ ಏನನ್ನೂ ಇಳಿಸಬೇಡಿ. ಎನ್‌ವಿಡಿಯಾಗೆ 'ಡ್ರೈವರ್ ಮ್ಯಾನೇಜರ್' ತೆರೆದು 'ರೆಕಮೆಂಡೆಡ್' ಎಂದಿರುವುದನ್ನು ಆರಿಸಿ, ಮರುಚಾಲನೆ ಮಾಡಿ. ಎನ್‌ವಿಡಿಯಾ ತಾಣದಲ್ಲಿ ಸಿಗುವ ಇನ್‌ಸ್ಟಾಲರ್ ಹಾಕುವುದು ವಿಂಡೋಸ್‌ನ ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ಮುಂದಿನ ಕರ್ನಲ್ ಅಪ್‌ಡೇಟ್ ಬಂದ ದಿನ ಪರದೆ ಕಪ್ಪಾಗಬಹುದು.

ಯಾವ ಕಾರ್ಡ್‌ಗೆ ಯಾವ ಡ್ರೈವರ್ ಎಂಬುದನ್ನು ತಿಳಿದಿರಿ. ಜಿಟಿಎಕ್ಸ್ 750 ಟಿಐ, 900 ಮತ್ತು 1000 ಸರಣಿಗೆ 580ನೇ ಶಾಖೆಯೇ ಕೊನೆಯದು. ಜಿಟಿ 710ರಂಥ ಕೆಪ್ಲರ್ ಕಾರ್ಡ್‌ಗಳು 470ರಲ್ಲೇ ನಿಂತಿವೆ. ಆರ್‌ಟಿಎಕ್ಸ್ 50 ಸರಣಿಗೆ ಹೆಸರಿನ ಕೊನೆಯಲ್ಲಿ 'ಓಪನ್' ಎಂದಿರುವ ಡ್ರೈವರೇ ಬೇಕು, ಬೇರೆಯದು ಓಡುವುದಿಲ್ಲ.

ಡ್ರೈವರ್ ಹಾಕಿ ಮರುಚಾಲನೆ ಮಾಡಿದಾಗ ನೀಲಿ ಹಿನ್ನೆಲೆಯ 'ಎಂಒಕೆ ಮ್ಯಾನೇಜ್‌ಮೆಂಟ್' ಪರದೆ ಬಂದರೆ ಗಾಬರಿ ಬೇಡ. 'ಎನ್ರೋಲ್ ಎಂಒಕೆ', 'ಕಂಟಿನ್ಯೂ', 'ಯೆಸ್' ಒತ್ತಿ, ಬರೆದಿಟ್ಟುಕೊಂಡ ಆ ಪಾಸ್‌ವರ್ಡ್ ಕೊಡಿ. ಈ ಪರದೆ ಕೆಲವು ಸೆಕೆಂಡು ಮಾತ್ರ ಕಾಯುತ್ತದೆ. ತಪ್ಪಿಸಿಕೊಂಡರೆ ಸೆಕ್ಯೂರ್ ಬೂಟ್ ಡ್ರೈವರನ್ನು ಒಳಗೆ ಬಿಡುವುದಿಲ್ಲ, ಆಟಗಳು ಆಮೆಯಂತೆ ತೆವಳುತ್ತವೆ. ಸೆಕ್ಯೂರ್ ಬೂಟನ್ನೇ ತೆಗೆಯುವುದು ಸುಲಭದ ದಾರಿ. ಆದರೆ ಪಕ್ಕದ ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡುವವರು ತೆಗೆಯುವಂತಿಲ್ಲ, ವ್ಯಾಂಗಾರ್ಡ್ ಅಲ್ಲಿ ಅದನ್ನು ಕೇಳುತ್ತದೆ.

ಇಂಟೆಲ್ ಜೊತೆ ಎನ್‌ವಿಡಿಯಾ ಇರುವ ಲ್ಯಾಪ್‌ಟಾಪ್‌ನಲ್ಲಿ ಕೆಳಪಟ್ಟಿಯ ಎನ್‌ವಿಡಿಯಾ ಐಕಾನ್‌ನಿಂದ 'ಆನ್-ಡಿಮ್ಯಾಂಡ್' ಇಟ್ಟುಕೊಳ್ಳಿ. ಬ್ಯಾಟರಿ ಉಳಿಯುತ್ತದೆ. ಆಟಕ್ಕೆಂದು ಸ್ಟೀಮ್ ತೆರೆಯುವಾಗ ಮೆನುವಿನಲ್ಲಿ ಅದರ ಮೇಲೆ ಬಲ ಕ್ಲಿಕ್ ಮಾಡಿ ಎನ್‌ವಿಡಿಯಾದಿಂದ ಓಡಿಸುವ ಆಯ್ಕೆ ಒತ್ತಿ. ಆಟ ನಿಧಾನ ಎಂಬ ಲ್ಯಾಪ್‌ಟಾಪ್ ದೂರುಗಳಲ್ಲಿ ಎಷ್ಟೋ ಇಷ್ಟಕ್ಕೇ ಬಗೆಹರಿಯುತ್ತವೆ.

ನಾಲ್ಕನೆಯದು ಕನ್ನಡ. ಓದಲು ನೋಟೋ ಫಾಂಟ್‌ಗಳಿವೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಗುಬ್ಬಿ, ನವಿಲು ಫಾಂಟ್‌ಗಳೂ ಸಿಗುತ್ತವೆ. ಬರೆಯಲು ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲೇ 'ಕನ್ನಡ (ಕಗಪ, ಫೊನೆಟಿಕ್)' ಇದೆ. ಆದರೆ ಅದು ನುಡಿಯಂತೆ ಸಂದರ್ಭ ನೋಡಿ ಬಿಡಿ ಸ್ವರ, ಗುಣಿತ ಚಿಹ್ನೆಗಳನ್ನು ತಾನೇ ಬದಲಿಸುವುದಿಲ್ಲ. ನುಡಿಯಲ್ಲಿ ಕೈ ಪಳಗಿದವರು ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, 'ಇನ್‌ಪುಟ್ ಮೆಥಡ್'ನಲ್ಲಿ ಐಬಸ್ ಆರಿಸಿ, ಲಾಗ್ಔಟ್ ಆಗಿ ಬಂದು, ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಜಿಪಿ ಸೇರಿಸಿಕೊಳ್ಳಿ. ಹಳೆಯ ನುಡಿ, ಬರಹ ಕಡತಗಳು ಯೂನಿಕೋಡ್ ಅಲ್ಲ. ಲಿಬ್ರೆಆಫೀಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಆ ಹಳೆಯ ಫಾಂಟಿನ ಟಿಟಿಎಫ್ ಫೈಲನ್ನು ಎರಡು ಸಲ ಕ್ಲಿಕ್ಕಿಸಿ ಇನ್‌ಸ್ಟಾಲ್ ಮಾಡಿದರೆ ಓದಬಹುದು, ಮುದ್ರಿಸಬಹುದು. ತಿದ್ದಬೇಕೆಂದರೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ಮೇಲು.

ವರ್ಡ್ ಕಡತಗಳ ಸಾಲುಗಳು ಲಿಬ್ರೆಆಫೀಸ್‌ನಲ್ಲಿ ಅತ್ತಿತ್ತ ಸರಿದರೆ ಕಾರಣ ಬಹುಮಟ್ಟಿಗೆ ಫಾಂಟು. ಕಾರ್ಲಿಟೊ, ಕಲಾಡಿಯ ಎಂಬೆರಡು ಫಾಂಟ್ ಹಾಕಿ. ಕ್ಯಾಲಿಬ್ರಿ, ಕೇಂಬ್ರಿಯಾಗಳ ಅಳತೆಗೆ ಸರಿಯಾಗಿ ಮಾಡಿದವು ಅವು. ಒಟಿಟಿ ಚಿತ್ರಗಳು ಫೈರ್‌ಫಾಕ್ಸ್‌ನಲ್ಲಿ ಓಡುತ್ತವೆ, ಆದರೆ 4ಕೆ ಗುಣಮಟ್ಟ ನಿರೀಕ್ಷಿಸಬೇಡಿ. ಅದಕ್ಕೆ ಬೇಕಾದ, ನಕಲು ತಡೆಯುವ ವೈಡ್‌ವೈನ್‌ನ ಮೇಲಿನ ಹಂತ ಲಿನಕ್ಸ್ ಡೆಸ್ಕ್‌ಟಾಪ್‌ಗೆ ಸಿಗುವುದಿಲ್ಲ.

ಸ್ಟೀಮ್ ಮತ್ತು ಪ್ರೋಟಾನ್

ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ತಂದದ್ದರಿಂದ ಲಿನಕ್ಸ್‌ನ ಆಟದ ದಿಕ್ಕೇ ಬದಲಾಯಿತು. ಇದರ ಬುಡದಲ್ಲಿ ವೈನ್ ಇದೆ, ಅದು ವಿಂಡೋಸ್ ಪ್ರೋಗ್ರಾಮಿನ ಕರೆಗಳಿಗೆ ಲಿನಕ್ಸ್‌ನಲ್ಲಿ ಉತ್ತರ ಕೊಡುತ್ತದೆ. ಅದರ ಮೇಲೆ ಡಿಎಕ್ಸ್‌ವಿಕೆ, ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್‌ನ 11ರವರೆಗಿನ ಕರೆಗಳನ್ನು ಲಿನಕ್ಸ್‌ನಲ್ಲೂ ಇರುವ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಗೆ ಬದಲಿಸುತ್ತದೆ. ಡೈರೆಕ್ಟ್‌ಎಕ್ಸ್ 12ಕ್ಕೆ ವಿಕೆಡಿ3ಡಿ-ಪ್ರೋಟಾನ್. ಇಷ್ಟು ತಿಳಿದಿದ್ದರೆ ಒಂದು ವಿಷಯ ಹೊಳೆಯುತ್ತದೆ: ವಲ್ಕನ್ ಇಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ. ಈಗಿನ ಡಿಎಕ್ಸ್‌ವಿಕೆಗೆ ವಲ್ಕನ್ 1.3 ಬೇಕು. ಜಿಟಿ 710ರಂಥ ಕೆಪ್ಲರ್ ಕಾರ್ಡ್‌ಗಳಲ್ಲಿ ಅದಿಲ್ಲ. ಅಂಥವರು ಪ್ರೋಟಾನ್ 7 ಅಥವಾ ಅದಕ್ಕೂ ಹಿಂದಿನದನ್ನು ಆರಿಸಿ ಹಳೆಯ ಆಟಗಳಿಗೆ ತೃಪ್ತಿಪಡಬೇಕು.

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸ್ಟೀಮ್ ಎರಡು ರೂಪದಲ್ಲಿ ಸಿಗುತ್ತದೆ. 'ಸಿಸ್ಟಮ್ ಪ್ಯಾಕೇಜ್' ಎಂದಿರುವುದನ್ನು ಹಾಕಿ. ಫ್ಲಾಟ್‌ಪ್ಯಾಕ್ ರೂಪದ್ದು ತನ್ನ ಕೋಣೆಯೊಳಗೇ ಇರುತ್ತದೆ, ಎರಡನೆಯ ಡಿಸ್ಕ್ ಅದಕ್ಕೆ ಕಾಣಿಸುವುದಿಲ್ಲ. ಅನುಮತಿ ಕೊಡಲು ಫ್ಲಾಟ್‌ಸೀಲ್ ಎಂಬ ಇನ್ನೊಂದು ಸಾಧನ ಬೇಕಾಗುತ್ತದೆ.

ಸ್ಟೀಮ್‌ಗೆ ಲಾಗಿನ್ ಆಗಿ, ಸೆಟ್ಟಿಂಗ್ಸ್‌ನ 'ಕಂಪ್ಯಾಟಿಬಿಲಿಟಿ' ಪುಟ ನೋಡಿ. ಎಲ್ಲ ಆಟಗಳಿಗೂ ಸ್ಟೀಮ್ ಪ್ಲೇ ಬಳಸುವ ಗುಂಡಿ ಅಲ್ಲಿ ಕಂಡರೆ ಆನ್ ಮಾಡಿ, ಸ್ಟೀಮ್ ಮತ್ತೆ ತೆರೆಯಿರಿ. ಈಗ ವಿಂಡೋಸ್ ಆಟಗಳಿಗೂ 'ಇನ್‌ಸ್ಟಾಲ್' ಗುಂಡಿ ಬರುತ್ತದೆ.

ಇಲ್ಲಿ ಬಹಳ ಜನ ಒಂದೇ ತಪ್ಪು ಮಾಡುತ್ತಾರೆ: ವಿಂಡೋಸ್‌ನಲ್ಲಿದ್ದ ಆಟಗಳ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಡಿಸ್ಕ್ ಫಾರ್ಮ್ಯಾಟ್) ಡ್ರೈವನ್ನೇ ಸ್ಟೀಮ್‌ಗೆ ತೋರಿಸುತ್ತಾರೆ. ಆಟ ಒಮ್ಮೆ ತೆರೆಯುತ್ತದೆ, ಇನ್ನೊಮ್ಮೆ ತೆರೆಯುವುದಿಲ್ಲ, ಡಿಸ್ಕ್ ದೋಷ ಎಂದು ವಿಂಡೋಸ್ ದೂರುತ್ತದೆ. ಕಾರಣವಿದೆ. ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಪುಟ್ಟ ವಿಂಡೋಸ್ ಮನೆ ಕಟ್ಟುತ್ತದೆ. ಅದರಲ್ಲಿ ಸಿ ಮುಂದೆ ಕೋಲನ್ ಇರುವ ಹೆಸರಿನ ಕೊಂಡಿ ಇರುತ್ತದೆ. ವಿಂಡೋಸ್‌ನಲ್ಲಿ ಫೈಲಿನ ಹೆಸರಿಗೆ ಕೋಲನ್ ನಿಷಿದ್ಧ. ಆಟಗಳನ್ನು ಎಕ್ಸ್‌ಟಿ4 ಡಿಸ್ಕ್‌ನಲ್ಲೇ ಇಡಿ.

ಹಾಗೆಂದು ನೂರಾರು ಜಿಬಿ ಮತ್ತೆ ಇಳಿಸಬೇಕಿಲ್ಲ. ವಿಂಡೋಸ್ ಡ್ರೈವ್‌ನ ಸ್ಟೀಮ್‌ಆಪ್ಸ್ ಫೋಲ್ಡರಿನ ಕಾಮನ್ ಒಳಗಿರುವ ಆಟದ ಫೋಲ್ಡರನ್ನು ಲಿನಕ್ಸ್ ಸ್ಟೀಮ್‌ನ ಕಾಮನ್‌ಗೆ ನಕಲು ಮಾಡಿ, ಆಮೇಲೆ ಸ್ಟೀಮ್‌ನಲ್ಲಿ 'ಇನ್‌ಸ್ಟಾಲ್' ಒತ್ತಿ. ಇರುವ ಫೈಲುಗಳನ್ನು ಅದು ಗುರುತು ಹಿಡಿದು, ಉಳಿದಷ್ಟನ್ನು ಮಾತ್ರ ಇಳಿಸಿಕೊಳ್ಳುತ್ತದೆ. ತಿಂಗಳ ಡೇಟಾ ಮಿತಿ ಇರುವ ಮನೆಗಳಲ್ಲಿ ಇದು ದೊಡ್ಡ ಉಳಿತಾಯ.

ಎರಡನೆಯ ಡಿಸ್ಕನ್ನು ಆಟಕ್ಕೆಂದು ಎಕ್ಸ್‌ಟಿ4 ಮಾಡಿಕೊಂಡರೆ 'ಡಿಸ್ಕ್ಸ್' ಆಪ್‌ನಲ್ಲಿ ಅದು ಯಂತ್ರ ಆನ್ ಆದಾಗಲೇ ಮೌಂಟ್ ಆಗುವಂತೆ ಹೊಂದಿಸಿ. ಇಲ್ಲದಿದ್ದರೆ ಸ್ಟೀಮ್ ತೆರೆದಾಗ ಆಟಗಳೆಲ್ಲ ಮಾಯವಾಗಿರುತ್ತವೆ. ಬರೆಯಲು ಅನುಮತಿ ಇಲ್ಲ ಎಂದರೆ ಡಿಸ್ಕ್‌ನ ಒಡೆತನ ಇನ್ನೂ ರೂಟ್ ಎಂಬ ನಿರ್ವಾಹಕ ಖಾತೆಯ ಹೆಸರಿನಲ್ಲಿದೆ ಎಂದರ್ಥ; ಒಡೆತನವನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ. 'ಎಕ್ಸಿಕ್ಯೂಟ್' ಅನುಮತಿ ಇಲ್ಲ ಎಂದರೆ ಮೌಂಟ್ ಆಯ್ಕೆಗಳ ಸಾಲಿನ ಕೊನೆಗೆ ಎಕ್ಸೆಕ್ (ಇ, ಎಕ್ಸ್, ಇ, ಸಿ) ಸೇರಿಸಿ.

ಮೊದಲ ಸಲ ಆಟ ತೆರೆದಾಗ 'ಪ್ರೊಸೆಸಿಂಗ್ ವಲ್ಕನ್ ಶೇಡರ್ಸ್' ಎಂದು ಕಾಯಿಸುತ್ತದೆ. ಹಳೆಯ ನಾಲ್ಕು ಕೋರ್‌ನ ಪ್ರೊಸೆಸರ್‌ನಲ್ಲಿ ಹತ್ತು ನಿಮಿಷವೂ ಆಗಬಹುದು. 'ಸ್ಕಿಪ್' ಒತ್ತಿದರೆ ಕೆಡುವುದೇನಿಲ್ಲ, ಆಡುವಾಗ ಮೊದಮೊದಲು ಅಲ್ಲಲ್ಲಿ ತಡವರಿಸುತ್ತದೆ ಅಷ್ಟೆ.

ಆಟ ತೆರೆಯದಿದ್ದರೆ

ಒಂದೊಂದಾಗಿ, ಇದೇ ಕ್ರಮದಲ್ಲಿ ಮಾಡಿ. ಆಟದ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ನಿರ್ದಿಷ್ಟ ಪ್ರೋಟಾನ್ ಆರಿಸುವ ಟಿಕ್ ಹಾಕಿ 'ಪ್ರೋಟಾನ್ ಎಕ್ಸ್‌ಪೆರಿಮೆಂಟಲ್' ನೋಡಿ. ಆಗದಿದ್ದರೆ ಒಂದೆರಡು ಆವೃತ್ತಿ ಹಿಂದೆ ಹೋಗಿ. ಇನ್ನೂ ಆಗದಿದ್ದರೆ ಪ್ರೋಟಾನ್‌ಅಪ್-ಕ್ಯೂಟಿ ಹಾಕಿ ಅದರಿಂದ ಜಿಇ-ಪ್ರೋಟಾನ್ ಇಳಿಸಿ, ಸ್ಟೀಮ್ ಮತ್ತೆ ತೆರೆದು ಅದನ್ನು ಆರಿಸಿ. ಆಟದ ನಡುವಿನ ವಿಡಿಯೋ ಬದಲು ಬಣ್ಣದ ಪಟ್ಟಿಗಳು ಬಂದರೆ ಇದೇ ಮದ್ದು. ವಾಲ್ವ್ ಹಾಕದ ಕೆಲವು ವಿಡಿಯೋ ಕೋಡೆಕ್‌ಗಳು ಅದರಲ್ಲಿವೆ. ಲಿನಕ್ಸ್‌ಗೆಂದೇ ಇರುವ ಹಳೆಯ ಆಟ ಕೈಕೊಟ್ಟರೂ ಪ್ರೋಟಾನ್ ಆರಿಸಿ ನೋಡಿ. ತಯಾರಕರು ಲಿನಕ್ಸ್ ಆವೃತ್ತಿಯನ್ನು ವರ್ಷಗಟ್ಟಲೆ ಮುಟ್ಟಿರುವುದಿಲ್ಲ, ವಿಂಡೋಸ್ ಆವೃತ್ತಿಯೇ ಚೆನ್ನಾಗಿ ಓಡುತ್ತದೆ.

ಕೊನೆಯ ಉಪಾಯ, ಸ್ಟೀಮ್‌ಆಪ್ಸ್‌ನ ಕಂಪ್ಯಾಟ್‌ಡೇಟಾ ಫೋಲ್ಡರಿನಲ್ಲಿ ಆ ಆಟದ ಸಂಖ್ಯೆ ಇರುವ ಫೋಲ್ಡರನ್ನು ತೆಗೆದು ಹೊಸದಾಗಿ ಕಟ್ಟಿಸುವುದು. ಆದರೆ ಅಳಿಸಬೇಡಿ, ಹೆಸರು ಬದಲಿಸಿ. ಸ್ಟೀಮ್ ಕ್ಲೌಡ್ ಇಲ್ಲದ ಆಟಗಳ ಸೇವ್ ಫೈಲುಗಳು ಅದರೊಳಗೇ, ಸ್ಟೀಮ್‌ಯೂಸರ್ ಎಂಬ ಫೋಲ್ಡರಿನಲ್ಲಿರುತ್ತವೆ. ನಲವತ್ತು ಗಂಟೆ ಆಡಿದ್ದು ಒಂದು ಡಿಲೀಟ್‌ಗೆ ಹೋಗುತ್ತದೆ.

ಎಷ್ಟು ಎಫ್‌ಪಿಎಸ್ ಬರುತ್ತಿದೆ ಎಂದು ನೋಡಲು ಮ್ಯಾಂಗೋಹಡ್, ಆಡುವಾಗ ಪ್ರೊಸೆಸರ್ ಪೂರ್ತಿ ವೇಗದಲ್ಲಿರಲು ಗೇಮ್‌ಮೋಡ್ ಹಾಕಿಕೊಳ್ಳಿ. ಪ್ರಾಪರ್ಟೀಸ್‌ನ 'ಲಾಂಚ್ ಆಪ್ಷನ್ಸ್'ನಲ್ಲಿ ಗೇಮ್‌ಮೋಡ್‌ರನ್, ಖಾಲಿ ಜಾಗ, ಮ್ಯಾಂಗೋಹಡ್, ಖಾಲಿ ಜಾಗ, ಆಮೇಲೆ ಎರಡು ಶೇಕಡಾ ಚಿಹ್ನೆಗಳ ನಡುವೆ ಕಮಾಂಡ್ ಎಂಬ ಪದ. ಶೇಕಡಾ ಚಿಹ್ನೆ ಬಿಟ್ಟರೆ ಇವೆರಡೂ ಚಾಲೂ ಆಗುವುದಿಲ್ಲ.

ಎಪಿಕ್ ಮತ್ತು ಜಿಒಜಿ ಆಟಗಳಿಗೆ ಹೀರೋಯಿಕ್ ಗೇಮ್ಸ್ ಲಾಂಚರ್ ಸಾಕು. ಎಪಿಕ್ ಪ್ರತಿ ವಾರ ಕೊಡುವ ಉಚಿತ ಆಟಗಳೂ ಅಲ್ಲೇ ಸಿಗುತ್ತವೆ. ಬ್ಯಾಟಲ್‌ನೆಟ್, ಯೂಬಿಸಾಫ್ಟ್, ಇಎ ಲಾಂಚರ್‌ಗಳಿಗೆ ಲೂಟ್ರಿಸ್. ಕೇಬಲ್ ಇರುವ ಎಕ್ಸ್‌ಬಾಕ್ಸ್ ಕಂಟ್ರೋಲರ್, ಪ್ಲೇಸ್ಟೇಷನ್‌ನ ಡ್ಯುಯಲ್‌ಸೆನ್ಸ್ ಎರಡಕ್ಕೂ ಡ್ರೈವರ್ ಕರ್ನಲ್‌ನಲ್ಲೇ ಇದೆ. ಎಕ್ಸ್‌ಬಾಕ್ಸ್‌ನ ವೈರ್‌ಲೆಸ್ ಡಾಂಗಲ್‌ಗೆ ಮಾತ್ರ ಎಕ್ಸ್‌ಒನ್ ಎಂಬ ಡ್ರೈವರನ್ನು ಬೇರೆ ಹಾಕಬೇಕು.

ಆಮೇಲಿನ ದಿನಗಳಲ್ಲಿ

ಒಂದು ದಿನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಯಂತ್ರ ನೇರ ವಿಂಡೋಸ್‌ಗೇ ಹೋದರೆ ಲಿನಕ್ಸ್ ಅಳಿಸಿಹೋಗಿದೆ ಎಂದುಕೊಳ್ಳಬೇಡಿ. ಬಯಾಸ್‌ನ ಬೂಟ್ ಕ್ರಮದಲ್ಲಿ ಉಬುಂಟು ಎಂಬ ಹೆಸರನ್ನು ಮೇಲಕ್ಕೆ ತನ್ನಿ. ಮಿಂಟ್ ಅಲ್ಲಿ ಉಬುಂಟು ಹೆಸರಿನಲ್ಲೇ ಇರುತ್ತದೆ.

ಹೊಸ ಕರ್ನಲ್ ಬಂದ ಮೇಲೆ ವೈಫೈ ಅಥವಾ ಪರದೆ ಕೈಕೊಟ್ಟರೆ, ಗ್ರಬ್ ಮೆನುವಿನ 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಿಂದಿನ ಕರ್ನಲ್ ಆರಿಸಿ ಒಳಗೆ ಬನ್ನಿ. ಅಪ್‌ಡೇಟ್ ಮ್ಯಾನೇಜರ್‌ನ 'ವ್ಯೂ' ಮೆನುವಿನಲ್ಲಿ 'ಲಿನಕ್ಸ್ ಕರ್ನಲ್ಸ್' ತೆರೆದು ಕೆಟ್ಟದ್ದನ್ನು ತೆಗೆದುಬಿಡಿ. ಸರಿಯಾಗಿ ನಡೆಯುತ್ತಿರುವ ಒಂದು ಹಳೆಯ ಕರ್ನಲ್ ಯಾವಾಗಲೂ ಉಳಿದಿರಲಿ.

ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಪರದೆಗೇ ಮತ್ತೆ ಮತ್ತೆ ವಾಪಸ್ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಡಿಸ್ಕ್ ಭರ್ತಿಯಾಗಿರುವುದನ್ನು. ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್‌ಗಳು, ಬಳಸದ ಫ್ಲಾಟ್‌ಪ್ಯಾಕ್‌ಗಳು, ಆಡದ ಆಟಗಳು ಸೇರಿ ಕೊನೆಯ ಜಿಬಿಯನ್ನೂ ನುಂಗಿರುತ್ತವೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ಪರದೆಯ ಲಾಗಿನ್ ಬರುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಡಿಎಫ್, ಖಾಲಿ ಜಾಗ, ಹೈಫನ್, ಎಚ್ ಎಂದು ಬರೆದರೆ ಯಾವ ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುತ್ತದೆ. 100% ಎಂದಿದ್ದರೆ ಡೌನ್‌ಲೋಡ್ಸ್ ಫೋಲ್ಡರಿನಿಂದ ಒಂದೆರಡು ದೊಡ್ಡ ಫೈಲು ಅಳಿಸಿ, ಕಂಟ್ರೋಲ್, ಆಲ್ಟ್, ಎಫ್7 ಒತ್ತಿ ಲಾಗಿನ್ ಪರದೆಗೆ ಮರಳಿ. ಒಳಗೆ ಹೋದ ಕೂಡಲೇ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ತೆಗೆಯಿರಿ.